ಮನೆ ವಿಮೆ ಮತ್ತು ಒಳಚರಂಡಿ ಪೈಪಿನ ದುರಸ್ತಿ

ಬಚ್ಚಲು, ಅಡುಗೆಮನೆ, ಕಕ್ಕಸುಗಳಿಂದ ಹೊರಡುವ ಕೊಳಚೆ ನೀರು ಅಂಗಳದ ನೆಲದಡಿ ಹರಿದು ಬೀದಿಯ ಒಳಚರಂಡಿಯನ್ನೋ ಮನೆಯದೇ ಗುಂಡಿಯನ್ನೋ ಸೇರುತ್ತದೆ. ಈ ಹಾದಿಯ ಪೈಪು ಒಡೆದರೆ, ಕುಸಿದರೆ, ಕಟ್ಟಿಕೊಂಡರೆ ಅಗೆದು ಸರಿಪಡಿಸುವ ಖರ್ಚು ಯಾರದು ಎಂಬುದೇ ಈ ಲೇಖನದ ವಿಷಯ. ಭಾರತದ ಮನೆ ವಿಮೆಯಲ್ಲಿ ‘ಒಳಚರಂಡಿ ದುರಸ್ತಿ’ ಎಂಬ ಪ್ರತ್ಯೇಕ ಭರವಸೆ ಇಲ್ಲ. ಹಾಗೆಂದು ವಿಮೆಗೂ ಚರಂಡಿಗೂ ಸಂಬಂಧವೇ ಇಲ್ಲವೆಂದು ಕೈಬಿಡುವುದೂ ತಪ್ಪು. ಪೈಪು ಹಾಳಾದದ್ದು ಏತರಿಂದ ಎಂಬುದರ ಮೇಲೆ ಪರಿಹಾರ ನಿಂತಿದೆ. ಪ್ರವಾಹದಿಂದ ಒಡೆದ ಪೈಪಿಗೂ ಮೂವತ್ತು ವರ್ಷ ಸವೆದು ಒಡೆದ ಪೈಪಿಗೂ ಹಾರೆ ಗುದ್ದಲಿಯ ಕೆಲಸ ಒಂದೇ ಇರಬಹುದು, ವಿಮೆಯ ಕಣ್ಣಿಗೆ ಅವೆರಡೂ ಬೇರೆ ಬೇರೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಈ ಊರು ಇತಿಹಾಸ ಓದಿದವರಿಗೆ ಪರಿಚಿತ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳನ್ನು ಬೆಳಕಿಗೆ ತಂದರು. ಆ ಶಾಸನ ಸುವರ್ಣಗಿರಿಯಿಂದ ಈ ಸೀಮೆಯ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳಿಸಿದ್ದು. ಎಂದರೆ ಮೌರ್ಯರ ಕಾಲದಲ್ಲಿ ಇಲ್ಲೊಂದು ಆಡಳಿತ ಪಟ್ಟಣವಿತ್ತು. ಕೌಟಿಲ್ಯನ ಹೆಸರಿನಲ್ಲಿರುವ ಅರ್ಥಶಾಸ್ತ್ರವು ಮನೆಯ ನೀರು ಹರಿಯುವ ಹಾದಿಗೆ ಸಾಕಷ್ಟು ಇಳಿಜಾರು ಇರಬೇಕು, ಅದು ನೆರೆಮನೆಯ ಗೋಡೆಯಿಂದ ದೂರ ಇರಬೇಕು ಎಂದು ವಿಧಿಸಿ, ತಪ್ಪಿದವರಿಗೆ ದಂಡವನ್ನೂ ಹೇಳುತ್ತದೆ. ಮನೆಯ ಕೊಳಚೆ ಯಾರ ಹೊಣೆ ಎಂಬ ಪ್ರಶ್ನೆ ಅಷ್ಟು ಹಳೆಯದು. ಅಂದು ಕೊಟ್ಟ ಉತ್ತರವೂ ಇಂದಿನದೂ ಬಹುಮಟ್ಟಿಗೆ ಒಂದೇ: ಮನೆಯವನದು.

ಪೈಪು ಹಾಳಾಗುವ ಬಗೆ

ಹಳ್ಳಿಯಲ್ಲಿ ಬೀದಿಯಡಿ ಒಳಚರಂಡಿ ಜಾಲ ಇರುವುದಿಲ್ಲ. ಬಚ್ಚಲ ನೀರು ಬೀದಿಯ ಮೋರಿಗೆ ಹೋಗುತ್ತದೆ, ಕಕ್ಕಸಿನ ನೀರು ಗುಂಡಿಗೆ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ್ ಯೋಜನೆಯಲ್ಲಿ ಗ್ರಾಮೀಣ ಶೌಚಾಲಯಕ್ಕೆ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಬಂದಾಗ ಸರ್ಕಾರ ಒತ್ತಿ ಹೇಳಿದ್ದು ಅವಳಿ ಗುಂಡಿಯ ಮಾದರಿಯನ್ನು. ಒಂದು ಗುಂಡಿ ತುಂಬಿದಾಗ ಕವಲಿನ ಛೇಂಬರಿನಲ್ಲಿ ಹರಿವನ್ನು ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿಯ ಮಲ ಒಂದೆರಡು ವರ್ಷದಲ್ಲಿ ಮಣ್ಣಿನಂತಹ ಗೊಬ್ಬರವಾಗುತ್ತದೆ. ಆದರೆ ಬಹಳ ಮನೆಗಳಲ್ಲಿ ಒಂದೇ ಆಳದ ಗುಂಡಿ ತೋಡಿ ಸಿಮೆಂಟಿನ ಬಳೆ ಇಳಿಸಿ ಮುಗಿಸಿದ್ದಾರೆ. ಸ್ವಲ್ಪ ಅನುಕೂಲವಿದ್ದವರು ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದ್ದಾರೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಯೋಜನೆಯಿಂದ, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ನಲ್ಲಿ ಮನೆಯೊಳಕ್ಕೇ ಬಂತು. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುತ್ತಿದ್ದ ಮನೆ ನಲ್ಲಿ ತಿರುಗಿಸತೊಡಗಿದರೆ ಹೊರಹೋಗುವ ನೀರೂ ಹೆಚ್ಚುತ್ತದೆ. ಹಳೆಯ ಗುಂಡಿ, ಹಳೆಯ ಪೈಪು ಆ ಹೊರೆಗೆ ಮಾಡಿದ್ದಲ್ಲ.

ನೆಲದ ಗುಣವೂ ಮುಖ್ಯ. ಈ ಸೀಮೆಯಲ್ಲಿ ಕೆಂಪು ನೆಲ, ಕಲ್ಲುನೆಲದ ಜೊತೆಗೆ ಎರೆ ನೆಲವೂ ಇದೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರೊಳಗೆ ಹೂತ ಪೈಪು ವರ್ಷವರ್ಷವೂ ಹಿಗ್ಗಿ ಕುಗ್ಗುವ ನೆಲದೊಡನೆ ಜಗ್ಗಾಡಿ, ಕೊನೆಗೆ ಜೋಡಣೆಯ ಜಾಗದಲ್ಲಿ ಬಾಯಿ ಬಿಡುತ್ತದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ತೇವ ಕಂಡ ಕಡೆಗೆ ಬೇರು ಓಡುವುದು ಸಹಜ. ಬೇವು, ಹೊಂಗೆ, ಆಲ, ಬಳ್ಳಾರಿ ಜಾಲಿ ಯಾವುದೇ ಇರಲಿ, ಸಂದಿಯಲ್ಲಿ ಕೂದಲೆಳೆಯಂತೆ ನುಗ್ಗಿದ ಬೇರು ಒಳಗೆ ಪೊರಕೆಯಂತೆ ಹರಡಿ ಹರಿವನ್ನು ಕಟ್ಟಿಹಾಕುತ್ತದೆ. ಹಳೆಯ ಮನೆಗಳ ಮಣ್ಣಿನ ಪೈಪುಗಳಿಗೆ ಈ ಕಾಟ ಹೆಚ್ಚು. ಅಂಟು ಹಾಕಿ ಕೂಡಿಸಿದ ಪಿವಿಸಿ ಪೈಪಿಗೆ ಕಡಿಮೆ. ಆದರೆ ಪಿವಿಸಿಯನ್ನು ಅಂಗೈ ಆಳದಲ್ಲಿ ಹೂತು ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಅದೂ ಚಪ್ಪಟೆಯಾಗುತ್ತದೆ. ಇನ್ನುಳಿದದ್ದು ಮನೆಯೊಳಗಿನಿಂದಲೇ ಬರುವುದು: ಪಾತ್ರೆಯ ಜಿಡ್ಡು, ಬಟ್ಟೆಯ ತುಂಡು, ಕೂದಲು, ಪ್ಯಾಡು.

ಈ ಕಾರಣಗಳಲ್ಲಿ ಬಹುಪಾಲು ನಿಧಾನವಾಗಿ ನಡೆಯುವಂಥವು. ವಿಮೆ ಎಂಬುದು ಆಕಸ್ಮಿಕಕ್ಕೆ ಹುಟ್ಟಿದ ಏರ್ಪಾಡು. ತೊಡಕು ಶುರುವಾಗುವುದು ಅಲ್ಲಿಯೇ.

ಭಾರತ್ ಗೃಹ ರಕ್ಷಾ ಏನು ಹೇಳುತ್ತದೆ

2021ರ ಏಪ್ರಿಲ್ 1ರಿಂದ ದೇಶದಲ್ಲಿ ಸಾಮಾನ್ಯ ವಿಮೆ ಮಾರುವ ಕಂಪನಿಗಳು ಮನೆಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ನಿಗದಿಮಾಡಿತು. ಅದಕ್ಕೆ ಮುಂಚೆ ಮನೆಗಳಿಗೂ ಕಾರ್ಖಾನೆಗಳಿಗೂ ಒಂದೇ ಬಗೆಯ ಬೆಂಕಿ ವಿಮೆಯ ಪಾಲಿಸಿ ನಡೆಯುತ್ತಿತ್ತು. ಹೊಸ ಪಾಲಿಸಿ ಸರಳ ಮಾತಿನಲ್ಲಿದೆ, ಮನೆಯವರ ಪರವಾಗಿಯೂ ಇದೆ. ಉದಾಹರಣೆಗೆ, ವಿಮೆಯ ಮೊತ್ತ ಮನೆಯ ನಿಜ ಬೆಲೆಗಿಂತ ಕಡಿಮೆಯಿತ್ತೆಂದು ಪರಿಹಾರ ಕತ್ತರಿಸುವ ಹಳೆಯ ಪದ್ಧತಿಯನ್ನು ಇದರಲ್ಲಿ ಕೈಬಿಡಲಾಗಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ.

ಇದು ಹೆಸರಿಸಿದ ಅಪಾಯಗಳ ಪಾಲಿಸಿ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಮತ್ತು ಜಲಾವೃತ, ಮನೆ ನಿಂತ ನೆಲದ ಕುಸಿತ, ಭೂಕುಸಿತ, ಕಾಡ್ಗಿಚ್ಚು, ವಾಹನವೋ ಮರವೋ ಬಂದು ಅಪ್ಪಳಿಸುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಉಪಕರಣ ಪೈಪುಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇಲ್ಲದ ಕಾರಣದಿಂದ ಹಾನಿಯಾದರೆ ಪರಿಹಾರವೂ ಇಲ್ಲ. ಸವೆತ, ತುಕ್ಕು, ಬೇರು, ಜಿಡ್ಡು ಆ ಪಟ್ಟಿಯಲ್ಲಿ ಇಲ್ಲ.

ಹಳ್ಳಿಯ ಮನೆಯವರು ಗಮನಿಸಲೇಬೇಕಾದ ಸಾಲು ಬೇರೊಂದಿದೆ. ‘ಮನೆ ಕಟ್ಟಡ’ ಎಂದರೆ ಏನೆಂದು ಪಾಲಿಸಿ ವಿವರಿಸುವಾಗ ಕಾಂಪೌಂಡು ಗೋಡೆ, ಜಗಲಿ, ಸೌರ ಫಲಕ, ನೀರಿನ ತೊಟ್ಟಿ, ಗೋಬರ್ ಗ್ಯಾಸಿನ ಸ್ಥಾವರಗಳ ಜೊತೆಗೆ ಸೆಪ್ಟಿಕ್ ಟ್ಯಾಂಕನ್ನೂ ಹೆಸರಿಸಿ ಸೇರಿಸಿಕೊಳ್ಳುತ್ತದೆ. ಒಳಚರಂಡಿಯೇ ಇಲ್ಲದ ಊರಿನವರಿಗೆ ಇದು ದೊಡ್ಡ ವಿಷಯ. ಪ್ರವಾಹದಲ್ಲಿ ಗೋಡೆಯೊಡನೆ ಸೆಪ್ಟಿಕ್ ಟ್ಯಾಂಕೂ ಕುಸಿದರೆ ಅದನ್ನೂ ಕ್ಲೇಮಿನಲ್ಲಿ ಬರೆಯಬಹುದು, ಬರೆಯಬೇಕು. ಹಿತ್ತಲಿನ ಟ್ಯಾಂಕು ಮನೆಯ ಭಾಗ ಎಂಬುದು ಹೊಳೆಯದೆ ಬಿಟ್ಟುಬಿಡುವ ಸಾಧ್ಯತೆಯೇ ಹೆಚ್ಚು.

ಈಗ ಕಾರಣವಾರು ನೋಡೋಣ. ವೇದಾವತಿಯೋ ಚಿನ್ನ ಹಗರಿಯೋ ಉಕ್ಕಿ ಊರೊಳಗೆ ನೀರು ನುಗ್ಗಿತು, ಮೋರಿಯ ನೀರು ಹಿಮ್ಮುಖವಾಗಿ ಬಚ್ಚಲಿನಿಂದ ಮನೆಯೊಳಕ್ಕೆ ಬಂತು ಎನ್ನಿ. ಮೂಲ ಕಾರಣ ಪ್ರವಾಹ, ಆದ್ದರಿಂದ ಗೋಡೆ, ನೆಲ, ಸಾಮಾನು, ಕಿತ್ತುಹೋದ ಪೈಪು ಇವಕ್ಕೆ ಪರಿಹಾರ ಕೇಳಲು ಗಟ್ಟಿ ಆಧಾರವಿದೆ. ಇದು ಬರದ ನಾಡು, ಇಲ್ಲಿಗೆಲ್ಲಿಯ ಪ್ರವಾಹ ಎನ್ನುವ ಹಾಗಿಲ್ಲ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಕೆಳಗಿನ ಪಾತ್ರದಲ್ಲಿ ವೇದಾವತಿ ಎಷ್ಟು ಅಗಲವಾಗಿ ಹರಿಯಬಲ್ಲದೆಂಬುದನ್ನು ಚಳ್ಳಕೆರೆ ಸೀಮೆಯ ಒಂದು ತಲೆಮಾರು ಕಣ್ಣಾರೆ ಕಂಡಿತು.

ಲಾರಿ ಹಿಂದಕ್ಕೆ ಬಂದು ಕಾಂಪೌಂಡು ಕೆಡವಿ ಛೇಂಬರನ್ನೂ ಪುಡಿಮಾಡಿದರೆ ಅದು ಅಪ್ಪಳಿಕೆ. ಅದಕ್ಕೂ ರಕ್ಷಣೆ ಇದೆ.

ಪೈಪು ಒಡೆದು ಅಥವಾ ಉಕ್ಕಿ ಆದ ಹಾನಿಯ ವಿಚಾರ ಹೆಚ್ಚು ಸೂಕ್ಷ್ಮ. ಪಾಲಿಸಿಯ ಸಾಲು ‘ನೀರಿನ’ ಟ್ಯಾಂಕು, ಉಪಕರಣ, ಪೈಪುಗಳ ಬಗ್ಗೆ ಮಾತಾಡುತ್ತದೆ. ಮಹಡಿಯ ಟ್ಯಾಂಕು ಬಿರಿದು ಕೆಳಗಿನ ಕೋಣೆ ತೊಯ್ದರೆ ತಕರಾರಿಲ್ಲ. ಕೊಳಚೆ ಹೊರುವ ಪೈಪು ಈ ಮಾತಿನೊಳಗೆ ಬರುತ್ತದೆಯೇ ಎಂಬಲ್ಲಿ ಮನೆಯವರಿಗೂ ಕಂಪನಿಗೂ ವಾದ ಹುಟ್ಟುತ್ತದೆ. ಬಂದರೂ, ಆ ಸಾಲಿನ ಒಲವು ಒಡೆತದಿಂದ ಮನೆಗೆ ಆದ ಹಾನಿಯ ಕಡೆಗಿದೆಯೇ ಹೊರತು ಸವೆದ ಪೈಪನ್ನು ಹೊಸದಾಗಿ ಹಾಕಿಕೊಡುವ ಕಡೆಗಲ್ಲ. ಪ್ರೀಮಿಯಂ ಕಟ್ಟುವ ಮೊದಲೇ ಈ ಒಂದು ಪ್ರಶ್ನೆಯನ್ನು ಕಂಪನಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯುವುದು ಜಾಣತನ. ಏಜೆಂಟರ ಬಾಯಿಮಾತಿಗೆ ಕ್ಲೇಮಿನ ದಿನ ತೂಕವಿರುವುದಿಲ್ಲ.

ಎರೆ ನೆಲದವರು ನೆಲಕುಸಿತದ ಸಾಲನ್ನು ಎಚ್ಚರದಿಂದ ಓದಬೇಕು. ನೆಲ ಕುಸಿದದ್ದಕ್ಕೆ ಪರಿಹಾರ ಉಂಟು, ಆದರೆ ಹೊಸ ಕಟ್ಟಡ ಸಹಜವಾಗಿ ತಳಕ್ಕೆ ಕೂರುವುದು, ಬೇರೆಡೆಯ ಮಣ್ಣು ತುಂಬಿ ಎತ್ತರಿಸಿದ ನೆಲ ಸರಿಯುವುದು, ಕೆಟ್ಟ ಕಾಮಗಾರಿ ಅಥವಾ ಕಳಪೆ ಸಾಮಗ್ರಿ, ಪಕ್ಕದಲ್ಲಿ ಅಗೆತ ನಡೆದು ಆದ ಕುಸಿತ ಇವನ್ನು ಹೊರಗಿಡಲಾಗಿದೆ. ಗುಂಡಿಯ ಸುತ್ತ ಮಣ್ಣು ತುಂಬಿ ಗಟ್ಟಿಸದೆ ಮೇಲೆ ಕಲ್ಲು ಹಾಸಿ, ಎರಡು ಮಳೆಗಾಲಕ್ಕೆ ಪೈಪು ಬಾಗಿದರೆ ಪಾಲಿಸಿ ನೆರವಿಗೆ ಬರುವುದಿಲ್ಲ. ಮಾಲಿನ್ಯದಿಂದ ಆದ ನಷ್ಟಕ್ಕೂ ಹೊರಗಿಡುವ ಸಾಲಿದೆ. ವಿಮೆಗೆ ಒಳಪಟ್ಟ ಘಟನೆಯೇ ಆ ಮಾಲಿನ್ಯವನ್ನು ತಂದಿದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಯಾರ ಪೈಪು

ಪಟ್ಟಣಗಳಲ್ಲಿ ಜಗಳ ಹುಟ್ಟುವುದು ಗಡಿಯ ವಿಚಾರಕ್ಕೆ. ಕರ್ನಾಟಕದಲ್ಲಿ ಬೆಂಗಳೂರಿಗೆ 1964ರ ಕಾಯ್ದೆಯಡಿ ರಚನೆಯಾದ ಜಲಮಂಡಳಿ ಇದೆ. ಉಳಿದ ಪಟ್ಟಣಗಳ ಒಳಚರಂಡಿ ಯೋಜನೆಗಳನ್ನು ಕಟ್ಟುವುದು 1973ರ ಕಾಯ್ದೆಯ ಮೇಲೆ ಹುಟ್ಟಿದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಜನ ‘ಯುಜಿಡಿ’ ಎನ್ನುವುದು ಈ ಬೀದಿಯಡಿಯ ಜಾಲವನ್ನು. ಬೀದಿಯ ಕೊಳವೆ, ಮ್ಯಾನ್‌ಹೋಲು ಸ್ಥಳೀಯ ಸಂಸ್ಥೆಯದೋ ಮಂಡಳಿಯದೋ ಹೊಣೆ. ಮನೆಯಾವರಣದ ಪೈಪು ಮತ್ತು ಛೇಂಬರು ಮಾಲೀಕರದು. ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಪದರ ಸೇರುತ್ತದೆ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಂತೆ ಎಲ್ಲರಿಗೂ ಸೇರಿದ ಭಾಗಗಳನ್ನು ಮಾಲೀಕರ ಸಂಘ ನೋಡಿಕೊಳ್ಳಬೇಕು. ಹಾಗಾಗಿ ಎಲ್ಲ ಮಹಡಿಗಳಿಗೂ ಒಂದೇ ಆಗಿ ಇಳಿಯುವ ಪೈಪು ಒಬ್ಬರ ಮನೆ ವಿಮೆಗೆ ಬರುವುದಿಲ್ಲ, ಸಂಘ ಇಡೀ ಕಟ್ಟಡಕ್ಕೆ ಮಾಡಿಸಿದ ವಿಮೆಗೆ ಬರಬೇಕು.

ಬೀದಿಯ ಮ್ಯಾನ್‌ಹೋಲು ಕಟ್ಟಿಕೊಂಡು ಮನೆಯೊಳಗೆ ಕೊಳಚೆ ಉಕ್ಕಿದರೆ ಮೊದಲ ದೂರು ಸ್ಥಳೀಯ ಸಂಸ್ಥೆಗೆ. ಬೆಂಗಳೂರಿನಲ್ಲಿ ಜಲಮಂಡಳಿಯ 1916 ಸಂಖ್ಯೆಗೆ. ದೂರಿನ ಕ್ರಮಸಂಖ್ಯೆ ಬರೆದಿಟ್ಟುಕೊಂಡರೆ ಮುಂದೆ ವಿಮೆಗೂ ಅದೇ ಪುರಾವೆ.

ಚರಂಡಿ ಸೋರಿಕೆ ಅಂಗಳಕ್ಕೇ ಮುಗಿಯುವುದಿಲ್ಲ. ಒಡೆದ ಪೈಪಿನ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಓಡುವ ಊರುಗಳು ನಮ್ಮವು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ನಿಮ್ಮ ಗುಂಡಿಯಿಂದ ನೆರೆಮನೆಯ ಕೊಳವೆಬಾವಿ ಕೆಟ್ಟರೆ ಆ ನಷ್ಟವನ್ನು ಮನೆಯ ಮೂಲ ಪಾಲಿಸಿ ತುಂಬುವುದಿಲ್ಲ. ಅದು ನಿಮ್ಮ ಆಸ್ತಿಯನ್ನಷ್ಟೇ ನೋಡುತ್ತದೆ. ಆ ಹೊಣೆಗೆ ಬೇರೆ ವಿಮೆ ಬೇಕು.

ಮಗ್ಗದ ಮನೆ

ಮೊಳಕಾಲ್ಮೂರಿನ ವಿಚಾರದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಭೌಗೋಳಿಕ ಗುರುತು ಪಡೆದ ಇಲ್ಲಿನ ರೇಷ್ಮೆ ಸೀರೆ ನೇಯುವುದು ಮನೆಗಳಲ್ಲೇ. ಗುಂಡಿಮಗ್ಗದಲ್ಲಿ ನೇಕಾರ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಟ್ಟು ಕೂರುತ್ತಾನೆ. ಮನೆಯಲ್ಲಿ ನೀರು ಉಕ್ಕಿದರೆ ಮೊದಲು ತುಂಬುವುದು ಆ ಗುಂಡಿಯೇ. ಹಾಸಿನ ಎಳೆಗಳು, ಮಗ್ಗದ ಕಟ್ಟಿಗೆ, ಮುಕ್ಕಾಲು ನೇಯ್ದ ಸೀರೆ ಎಲ್ಲ ಕೊಳಚೆಯಲ್ಲಿ ನೆನೆದರೆ ತಿಂಗಳುಗಳ ದುಡಿಮೆ ಹೋಯಿತು. ಆದರೆ ಭಾರತ್ ಗೃಹ ರಕ್ಷಾ ವಾಸದ ಮನೆಗೆ, ಮನೆಸಾಮಾನಿಗೆ ರೂಪಿಸಿದ್ದು. ಮಗ್ಗ ಮತ್ತು ನೂಲು ಕಸುಬಿನ ಆಸ್ತಿ. ಅದಕ್ಕೆಂದೇ, ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗಿನ ಕಿರು ಉದ್ಯಮಗಳಿಗೆ, ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿಯನ್ನು ಅದೇ 2021ರಲ್ಲಿ ತಂದರು. ನೇಕಾರರ ಮನೆಗೆ ಇವೆರಡೂ ಬೇಕು, ಮತ್ತು ಮನೆಯಲ್ಲಿ ಮಗ್ಗವಿದೆ ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮಗ್ಗಕ್ಕೆ ಸಾಲ ಕೊಡಿಸುವ ಸಂಘಗಳು ಇದನ್ನು ಸದಸ್ಯರಿಗೆ ತಿಳಿಹೇಳಬೇಕೆಂಬುದು ಈ ಲೇಖಕನ ಅಭಿಪ್ರಾಯ.

ವಿಮೆಯೇ ಇಲ್ಲದ ಮನೆಗಳ ಸಂಖ್ಯೆ ಹಳ್ಳಿಗಳಲ್ಲಿ ಬಹಳ ದೊಡ್ಡದು. ಮನೆ ಬಿದ್ದರೆ ಸರ್ಕಾರ ಕೊಡುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಬಯಲು ಪ್ರದೇಶದ ಮನೆ ಪೂರ್ಣ ಹಾಳಾದರೆ 1,20,000 ರೂಪಾಯಿ ಇದೆ. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ಪೂರ್ಣ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಗೋಡೆ ನಿಂತಿದ್ದು ಅಂಗಳದ ಪೈಪು ಮಾತ್ರ ಕೆಟ್ಟರೆ ಆ ಹಣ ಬರುವುದಿಲ್ಲ.

ಗುಂಡಿಗೆ ಇಳಿಯುವ ಮನುಷ್ಯ

ದುರಸ್ತಿಯ ಖರ್ಚಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಇದು. ಪೈಪು ಕಟ್ಟಿಕೊಂಡಾಗ, ಟ್ಯಾಂಕು ತುಂಬಿದಾಗ, ಅಗ್ಗಕ್ಕೆ ಸಿಗುವ ಒಬ್ಬನನ್ನು ಕರೆದು ಒಳಗಿಳಿಸುವುದು ಇಂದಿಗೂ ನಿಂತಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿ ಆಮ್ಲಜನಕ ಇಲ್ಲವಾಗಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ, ಎತ್ತಲು ಹೋದವನೂ ಅವನ ಮೇಲೆ ಬೀಳುತ್ತಾನೆ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದಾಗ, ನಿಷೇಧಿಸಿದ ರಾಜ್ಯ ನಮ್ಮದು. 2013ರ ಕೇಂದ್ರ ಕಾಯ್ದೆ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಯಾರೂ ಯಾರನ್ನೂ ನೇಮಿಸಬಾರದು ಎನ್ನುತ್ತದೆ. ಈ ‘ಯಾರೂ’ ಎಂಬುದರಲ್ಲಿ ಮನೆಯ ಮಾಲೀಕರೂ ಸೇರಿದ್ದಾರೆ. ಮೊದಲ ತಪ್ಪಿಗೆ 2 ವರ್ಷದವರೆಗೆ ಸೆರೆ, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂತಹ ಸಾವಿಗೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿಮಾಡಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಮನೆಯ ಯಾವ ವಿಮೆಯೂ ಈ ಅಪರಾಧವನ್ನು ಹೊರುವುದಿಲ್ಲ, ಹೊರಬಾರದು. ಟ್ಯಾಂಕು ತುಂಬಿದರೆ ಸಕ್ಕಿಂಗ್ ಗಾಡಿ, ಪೈಪು ಕಟ್ಟಿಕೊಂಡರೆ ಜೆಟ್ಟಿಂಗ್ ಮಷಿನ್ ಕರೆಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸುವ ಸೆಪ್ಟಿಕ್ ಟ್ಯಾಂಕು ಗಟ್ಟಿಯಾಗಿ ಕಟ್ಟಿಕೊಳ್ಳುವುದೂ ಅಪರೂಪ. ತೆಗೆದ ಹೂಳನ್ನು ಹಳ್ಳಕ್ಕೆ ಸುರಿಯದೆ ಸಂಸ್ಕರಿಸುವ ದಾರಿಯನ್ನು ದೇವನಹಳ್ಳಿ 2015ರಲ್ಲೇ ತೋರಿಸಿದೆ. ಅಲ್ಲಿನ ಪುರಸಭೆಯ ಮಲಹೂಳು ಸಂಸ್ಕರಣ ಘಟಕ ದೇಶಕ್ಕೇ ಮಾದರಿಯಾಯಿತು.

ಹೊರದೇಶಗಳಲ್ಲಿ

ಅಮೆರಿಕದಲ್ಲಿ ಮನೆಯಿಂದ ಬೀದಿಯ ಮುಖ್ಯ ಕೊಳವೆಯವರೆಗಿನ ಪೈಪು ಬಹುತೇಕ ಊರುಗಳಲ್ಲಿ ಮಾಲೀಕರದೇ. ಅಲ್ಲಿನ ಸಾಮಾನ್ಯ ಮನೆ ಪಾಲಿಸಿ ಸವೆತವನ್ನೂ ಚರಂಡಿಯಿಂದ ಹಿಮ್ಮುಖವಾಗಿ ಉಕ್ಕುವ ನೀರನ್ನೂ ಹೊರಗಿಡುತ್ತದೆ. ಹೆಚ್ಚುವರಿ ಹಣ ಕಟ್ಟಿ ಎರಡು ಬೇರೆ ಬೇರೆ ಸೇರ್ಪಡೆ ಕೊಳ್ಳಬೇಕು: ಒಂದು ಉಕ್ಕಿ ಬಂದ ಕೊಳಚೆಯಿಂದ ಮನೆಗಾದ ಹಾನಿಗೆ, ಇನ್ನೊಂದು ನೆಲದಡಿಯ ಪೈಪಿಗೇ. ಎರಡನೆಯದು ಅನೇಕ ಕಂಪನಿಗಳಲ್ಲಿ ಬೇರು ನುಗ್ಗಿದ್ದನ್ನೂ ಸವೆತವನ್ನೂ ಒಪ್ಪುತ್ತದೆ. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಮನೆಗಳಲ್ಲಿ ಡಾಂಬರು ಮತ್ತು ಮರದ ನಾರಿನಿಂದ ಮಾಡಿದ ‘ಆರೆಂಜ್‌ಬರ್ಗ್’ ಪೈಪು ಹೂತಿರುವುದುಂಟು, ಅದು ದಶಕಗಳಲ್ಲಿ ಮೆದುವಾಗಿ ಚಪ್ಪಟೆಯಾಗುತ್ತದೆ. ಅಲ್ಲಿ ಹಳೆಯ ಮನೆ ಕೊಳ್ಳುವ ಕನ್ನಡದ ಕುಟುಂಬಗಳು ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿಯೇ ಮುಂದುವರಿಯುವುದು ಒಳ್ಳೆಯದು.

ಇಂಗ್ಲೆಂಡ್ ಮತ್ತು ವೇಲ್ಸ್ ಹೊಣೆಯ ಗಡಿಯನ್ನೇ ಸರಿಸಿದವು. 2011ರ ಅಕ್ಟೋಬರ್ 1ರಂದು, ಒಂದಕ್ಕಿಂತ ಹೆಚ್ಚು ಮನೆಗಳು ಹಂಚಿಕೊಂಡ ಖಾಸಗಿ ಚರಂಡಿಗಳೂ ಆಸ್ತಿಯ ಗಡಿಯಾಚೆಗಿನ ಪೈಪುಗಳೂ ನೀರಿನ ಕಂಪನಿಗಳ ವಶಕ್ಕೆ ಹೋದವು. ಮನೆಯವರಿಗೆ ಉಳಿದದ್ದು ತಮ್ಮ ಗಡಿಯೊಳಗಿನ, ತಮ್ಮೊಬ್ಬರದೇ ಪೈಪು. ಕರ್ನಾಟಕದ ಪಟ್ಟಣಗಳಲ್ಲೂ ರಸ್ತೆಯಡಿಯ ತುಂಡು ಯಾರದೆಂದು ಇಷ್ಟು ಸ್ಪಷ್ಟವಾಗಿ ಬರೆದಿಟ್ಟರೆ ಅರ್ಧ ಜಗಳ ನಿಲ್ಲುತ್ತದೆ.

ಕ್ಲೇಮು

ಹಾನಿ ಕಂಡ ಕೂಡಲೇ ಕಂಪನಿಗೆ ತಿಳಿಸಬೇಕು. ಭಾರತ್ ಗೃಹ ರಕ್ಷಾದಲ್ಲಿ ಕ್ಲೇಮು ಅರ್ಜಿಗೆ 30 ದಿನದ ಗಡುವಿದೆ. ದೊಡ್ಡ ನಷ್ಟವಾದರೆ ಪರವಾನಗಿ ಪಡೆದ ಸರ್ವೇಯರ್ ಬಂದು ನೋಡುತ್ತಾರೆ. ಒಪ್ಪಿಗೆಯಾದ ಕ್ಲೇಮಿನ ಶೇ. 2ರವರೆಗೆ ಅವಶೇಷ ತೆಗೆಯುವ ಖರ್ಚು, ಶೇ. 5ರವರೆಗೆ ಎಂಜಿನಿಯರ್ ಮುಂತಾದವರ ಶುಲ್ಕ ಸೇರುತ್ತದೆ. ಕಂಪನಿ ಕ್ಲೇಮು ತಳ್ಳಿಹಾಕಿದರೆ ಮೊದಲು ಅದರದೇ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ನಡೆಯುತ್ತದೆ. ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ಬಾಗಿಲು.

ಸರ್ವೇಯರ್ ಬರುವ ಮೊದಲು ನೆಲ ಅಗೆದು, ಪೈಪು ಬದಲಿಸಿ, ಸಿಮೆಂಟು ಮುಚ್ಚಿಬಿಟ್ಟರೆ ಕಾರಣವೂ ನೆಲದಡಿ ಹೋಗುತ್ತದೆ. ವಾಸನೆಯ ನಡುವೆ ದಿನಗಟ್ಟಲೆ ಕಾಯಲು ಆಗುವುದಿಲ್ಲ ಎಂಬುದು ನಿಜ. ತುರ್ತಾಗಿ ಸರಿಪಡಿಸಲೇಬೇಕಾದಾಗ ಅಗೆಯುವ ಮೊದಲು, ಅಗೆದ ನಂತರ, ಮುಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು, ಪ್ಲಂಬರಿನಿಂದ ಏನು ಕಂಡಿತೆಂದು ಬರೆಸಿ ರಸೀದಿ ಪಡೆಯಬೇಕು, ಒಡೆದ ಪೈಪಿನ ತುಂಡನ್ನು ಎಸೆಯದೆ ತೊಳೆದು ಹಿತ್ತಲಲ್ಲಿ ಇಟ್ಟುಕೊಂಡಿರಬೇಕು.